ಹೆದ್ದಾರಿಯಲ್ಲಿ ಮಾತ್ರ ಆಫ್ ಆಗುವ ಹಳೆಯ ಪೋರ್ಷೆ: ಇಂಜೆಕ್ಟರ್ ಬದಲಾಯಿಸುವ ಮೊದಲು ಅಳೆದು ನೋಡಿ

ಪ್ರಶ್ನೆ: ನಾನು ಬೆಂಗಳೂರಿನವನು. ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಜರ್ಮನಿಯ ಸ್ಟಟ್‌ಗಾರ್ಟ್ ಹತ್ತಿರ ಇದ್ದೇನೆ. ಕಳೆದ ವರ್ಷ 1986ರ ಮಾದರಿಯ ಪೋರ್ಷೆ 944 ಕೊಂಡೆ, 2.5 ಲೀಟರಿನ, ಟರ್ಬೊ ಇಲ್ಲದ, ಎಂಟು ವಾಲ್ವಿನ ಎಂಜಿನ್. ಊರೊಳಗೆ ಓಡಿಸುವಾಗ ಏನೂ ತೊಂದರೆಯಿಲ್ಲ. ಆಟೊಬಾನ್ ಹತ್ತಿ 130–140ರ ವೇಗದಲ್ಲಿ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಪಿಕಪ್ ಹೋಗುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಜರ್ಕ್ ಹೊಡೆಯುತ್ತದೆ, ಕೊನೆಗೆ ಎಂಜಿನ್ ಆಫ್ ಆಗುತ್ತದೆ. ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ದಾಗ ಈ ಕಾಟ ಹೆಚ್ಚು. ಇದಲ್ಲದೆ, ಎರಡು ಮೂರು ವಾರ ನಿಂತ ಕಾರು ಸ್ಟಾರ್ಟ್ ಆಗಲು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಬೇಕಾಗುತ್ತದೆ. ಒಂದು ಗ್ಯಾರೇಜಿನವರು ಪೆಟ್ರೋಲ್ ಪಂಪ್, ಫಿಲ್ಟರ್, ಪ್ಲಗ್ ಬದಲಾಯಿಸಿದರು. ಒಂದೆರಡು ವಾರ ಸರಿಯಿತ್ತು, ಆಮೇಲೆ ಅದೇ ಕಥೆ. ಹೊಸ ಪಂಪ್ ಈಗ ಹಳೆಯದಕ್ಕಿಂತ ಜೋರಾಗಿ ಗುಂಯ್‌ಗುಡುತ್ತಿದೆ. ಇನ್ನು ಇಂಜೆಕ್ಟರ್‌ಗಳನ್ನೂ ಎಂಜಿನ್ ಕಂಪ್ಯೂಟರನ್ನೂ ಬದಲಾಯಿಸೋಣ ಎಂದು ಅವರು ಹೇಳುತ್ತಿದ್ದಾರೆ. ಇ10 ಪೆಟ್ರೋಲ್ ಹಾಕಿದ್ದೇ ತಪ್ಪು ಎನ್ನುವವರೂ ಇದ್ದಾರೆ. ಮತ್ತೆ ದುಡ್ಡು ಸುರಿಯುವ ಮುನ್ನ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಉತ್ತರ: ನೀವು ಒಂದೇ ರೋಗವೆಂದು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಬಿಸಿಯಾದ ಮೇಲೆ ಹೆದ್ದಾರಿಯಲ್ಲಿ ಪೆಟ್ರೋಲ್ ಸಾಲದೆ ನಿಲ್ಲುವುದು ಒಂದು. ವಾರಗಟ್ಟಲೆ ನಿಂತ ಮೇಲೆ ತಡವಾಗಿ ಸ್ಟಾರ್ಟ್ ಆಗುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬೇಕೆಂದು ಹುಡುಕಲು ಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಮೊದಲನೆಯದು ಪಂಪಿನ ಹೀರುವ ಕಡೆಯ ತೊಂದರೆಯಂತೆ ಕಾಣುತ್ತಿದೆ, ಎರಡನೆಯದು ಪಂಪಿನ ಮುಂದಿನ ಕಡೆಯದು. ಇಂಜೆಕ್ಟರ್‌ಗೂ ಕಂಪ್ಯೂಟರ್‌ಗೂ ಸದ್ಯಕ್ಕೆ ಆರ್ಡರ್ ಕೊಡಬೇಡಿ. ನೀವು ಕೊಟ್ಟ ವಿವರಗಳಲ್ಲಿ ಅವೆರಡರ ಕಡೆಗೆ ಬೊಟ್ಟು ಮಾಡುವಂಥದ್ದು ಒಂದೂ ಇಲ್ಲ.

ಈ ಕಾರಿನಲ್ಲಿ ಪೆಟ್ರೋಲ್ ಹೇಗೆ ಹರಿಯುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಅರ್ಧ ರೋಗನಿರ್ಣಯವನ್ನು ನೀವೇ ಮಾಡಬಲ್ಲಿರಿ. 944ರಲ್ಲಿರುವುದು ಬಾಷ್ ಕಂಪನಿಯ ಮೊಟ್ರಾನಿಕ್ ವ್ಯವಸ್ಥೆ, ಅಂದರೆ ಇಂಧನ ಚಿಮ್ಮಿಸುವುದನ್ನೂ ಕಿಡಿ ಕೊಡುವುದನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುವ ಏರ್ಪಾಡು. (ನಿಮ್ಮ ಕಾರು ಪೋರ್ಷೆಯ ಹೆಸರು ಹೊತ್ತಿದ್ದರೂ ಜೋಡಣೆಯಾದದ್ದು ನಿಮ್ಮ ಊರಿನಿಂದ ದೂರವಿಲ್ಲದ ನೆಕಾರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ, ಬಾಷ್‌ನ ಕೇಂದ್ರ ಕಚೇರಿಯೂ ಸ್ಟಟ್‌ಗಾರ್ಟ್ ಪಕ್ಕದ ಗೆರ್ಲಿಂಗನ್‌ನಲ್ಲಿದೆ. ಬೆಂಗಳೂರಿನ ಆಡುಗೋಡಿಯ ಮೈಕೋ, ಅಂದರೆ ಬಾಷ್‌ನ ಭಾರತೀಯ ಕಂಪನಿಯನ್ನು, ನೋಡಿ ಬೆಳೆದವರಿಗೆ ಈ ಹೆಸರು ಹೊಸದಲ್ಲ.) ಪಂಪ್ ಟ್ಯಾಂಕಿನ ಒಳಗಿಲ್ಲ, ಹೊರಗೆ, ಕಾರಿನ ಹಿಂಭಾಗದ ಕೆಳಗೆ ಟ್ಯಾಂಕಿನ ಸಮೀಪದಲ್ಲಿದೆ. ಅದು ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ, ಫಿಲ್ಟರಿನ ಮೂಲಕ ಮುಂದೆ ಎಂಜಿನ್ನಿನ ಫ್ಯೂಯಲ್ ರೇಲಿಗೆ, ಅಂದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆ ಅದನ್ನು ಹಂಚುವ ಕೊಳವೆಗೆ, ತಳ್ಳುತ್ತದೆ. ರೇಲಿನ ಮೇಲಿರುವ ರೆಗ್ಯುಲೇಟರ್ ಒತ್ತಡವನ್ನು ಹದದಲ್ಲಿಟ್ಟು, ಎಂಜಿನ್ನಿಗೆ ಬೇಡವಾದಷ್ಟನ್ನು ಹಿಂದಿರುಗುವ ಪೈಪಿನ ಮೂಲಕ ಟ್ಯಾಂಕಿಗೇ ವಾಪಸ್ ಕಳಿಸುತ್ತದೆ. ಪಂಪ್ ಯಾವಾಗಲೂ ಒಂದೇ ಪ್ರಮಾಣದಲ್ಲಿ ತಳ್ಳುತ್ತಿರುತ್ತದೆ. ಎಂಜಿನ್ ಕುಡಿಯುವುದು ಅದರಲ್ಲಿ ಸಣ್ಣ ಪಾಲು, ಬಹುಪಾಲು ಸುತ್ತು ಹಾಕಿ ಮರಳುತ್ತದೆ.

ಕಂಪ್ಯೂಟರ್‌ಗೆ ಗೊತ್ತಿರುವುದು ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದಿಡಬೇಕು ಎನ್ನುವುದು ಮಾತ್ರ. ರೇಲಿನಲ್ಲಿ ಒತ್ತಡ ಸರಿಯಾಗಿಯೇ ಇದೆ ಎಂದು ಅದು ನಂಬಿ ಕೆಲಸ ಮಾಡುತ್ತದೆ, ಏಕೆಂದರೆ ಒತ್ತಡವನ್ನು ಅಳೆದು ಹೇಳುವ ಸೆನ್ಸರ್ ಈ ಕಾರಿನಲ್ಲಿ ಇಲ್ಲ. ಒತ್ತಡ ಕುಸಿದರೆ ಅಷ್ಟೇ ಹೊತ್ತಿನಲ್ಲಿ ಕಡಿಮೆ ಪೆಟ್ರೋಲ್ ಬೀಳುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಜರ್ಕ್ ಹೊಡೆಯುತ್ತದೆ. ಯಾವ ದೀಪವೂ ಹೊತ್ತಿಕೊಳ್ಳುವುದಿಲ್ಲ, ಯಾವ ಕೋಡೂ ಸಿಗುವುದಿಲ್ಲ. ಈಚಿನ ಕಾರುಗಳ ಮೇಲೆ ಪಳಗಿದ ಮೆಕ್ಯಾನಿಕ್ ಸ್ಕ್ಯಾನರ್ ಹುಡುಕಿ, ಅದು ಸಿಗದೆ, ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗುವುದಕ್ಕೆ ಇದೇ ಕಾರಣ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಿಲ್ ಮಾತ್ರ ನಿಮ್ಮ ಹೆಸರಿಗೆ ಬರುತ್ತದೆ.

ಇನ್ನು ಬಿಸಿ ಮತ್ತು ಖಾಲಿ ಟ್ಯಾಂಕಿನ ವಿಷಯ. ಪೆಟ್ರೋಲ್ ಎಂಜಿನ್ನಿನ ಬಿಸಿಯಲ್ಲಿ ಸುತ್ತು ಹಾಕಿ ಟ್ಯಾಂಕಿಗೆ ಮರಳುವುದರಿಂದ, ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿದ ಹೊತ್ತಿಗೆ ಟ್ಯಾಂಕಿನಲ್ಲಿರುವುದೆಲ್ಲ ಬೆಚ್ಚಗಾಗಿರುತ್ತದೆ. ಟ್ಯಾಂಕ್ ತುಂಬಿದ್ದರೆ ಆ ಬಿಸಿ ಹಂಚಿಹೋಗುತ್ತದೆ. ಕಾಲು ಭಾಗ ಇದ್ದರೆ ಅದೇ ಸ್ವಲ್ಪ ಪೆಟ್ರೋಲ್ ಮತ್ತೆ ಮತ್ತೆ ಸುತ್ತಿ ಬೇಗ ಕಾಯುತ್ತದೆ. ಕಾದ ಪೆಟ್ರೋಲನ್ನು ತಳ್ಳಿದರೆ ತೊಂದರೆಯಿಲ್ಲ, ಹೀರಿದರೆ ತೊಂದರೆ, ಏಕೆಂದರೆ ಹೀರುವ ಕಡೆ ಒತ್ತಡ ತಗ್ಗಿ ಅದು ಅಲ್ಲೇ ಗುಳ್ಳೆಯಾಗತೊಡಗುತ್ತದೆ. ದಾರಿ ಸಲೀಸಾಗಿದ್ದರೆ ಈ ತಗ್ಗು ತೀರ ಸಣ್ಣದು. ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಹೊರಬೀಳುವ ಬಾಯಲ್ಲಿರುವ ಜಾಲರಿಗೆ ಕೊಳೆ ಕಟ್ಟಿದ್ದರೆ ಅದು ದೊಡ್ಡದಾಗುತ್ತದೆ: ಗಂಜಿ ಸಿಕ್ಕಿಕೊಂಡ ಸ್ಟ್ರಾದಲ್ಲಿ ಎಳನೀರು ಕುಡಿಯಲು ಹೋದಂತೆ, ಎಷ್ಟು ಜೋರಾಗಿ ಎಳೆದರೂ ಬಾಯಿಗೆ ಬರುವುದು ಗಾಳಿ. ಗುಳ್ಳೆ ನುಂಗಿದ ಪಂಪ್ ಒತ್ತಡ ಕಟ್ಟಲಾರದು, ಮತ್ತು ಜೋರಾಗಿ ಕೂಗುತ್ತದೆ. ನಿಮ್ಮ ಹೊಸ ಪಂಪ್ ಗುಂಯ್‌ಗುಡುವುದಕ್ಕೆ ಅದರ ಗುಣಮಟ್ಟವನ್ನು ದೂರುವ ಮೊದಲು ಇದನ್ನು ಯೋಚಿಸಬೇಕು. ಈ ಪಂಪಿನ ಒಳಗೆ ಮೋಟಾರು ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಾಗುತ್ತದೆ, ಅದರಿಂದಲೇ ಎಣ್ಣೆಗಾರಿಕೆ ಪಡೆಯುತ್ತದೆ. ಗುಳ್ಳೆಯಲ್ಲಿ ಓಡಿಸುತ್ತಾ ಹೋದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕಾಲು ಗಂಟೆ ನಿಂತಾಗ ಏನಾಗುತ್ತದೆ? ಹೀರುವ ಎಳೆತ ನಿಲ್ಲುತ್ತದೆ, ಜಾಲರಿಗೆ ಅಂಟಿದ್ದ ಕಸ ಕಳಚಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಗುಳ್ಳೆಗಳು ಕರಗುತ್ತವೆ, ಪಂಪ್ ಸ್ವಲ್ಪ ತಣಿಯುತ್ತದೆ. ಗ್ಯಾರೇಜಿನಲ್ಲಿ ಪಂಪ್ ಬದಲಾಯಿಸಿದ ಮೇಲೆ ಒಂದೆರಡು ವಾರ ಸರಿಯಿದ್ದದ್ದೂ ಹೀಗೆಯೇ ಇರಬಹುದು. ಪಂಪ್ ಬಿಚ್ಚುವಾಗ ಪೆಟ್ರೋಲ್ ಹರಿದುಹೋಗಿ ಕಸ ಅಲುಗಾಡಿರುತ್ತದೆ. ಮರಳಿ ಸೇರಿಕೊಳ್ಳಲು ಅಷ್ಟು ದಿನ ಹಿಡಿಯಿತು. ಮುಚ್ಚಿಹೋದ ಇಂಜೆಕ್ಟರ್ ಹೀಗೆ ಕಾಲು ಗಂಟೆಯಲ್ಲಿ ವಾಸಿಯಾಗುವುದಿಲ್ಲ. ಅದು ಬೆಳಿಗ್ಗೆಯೂ ಮುಚ್ಚಿರುತ್ತದೆ, ಸಂಜೆಯೂ ಮುಚ್ಚಿರುತ್ತದೆ, ಮತ್ತು ಸಾಮಾನ್ಯವಾಗಿ ನಾಲ್ಕೂ ಒಟ್ಟಿಗೆ ಕೈಕೊಡದೆ ಒಂದು ಸಿಲಿಂಡರ್ ಮಿಸ್ಸಿಂಗ್ ಆಗುತ್ತದೆ.

ಆದರೂ ಜಾಲರಿಯೇ ಕಾರಣವೆಂದು ಇಲ್ಲಿಂದಲೇ ಷರಾ ಬರೆಯಲು ನಾನು ತಯಾರಿಲ್ಲ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವ ಇನ್ನೊಂದು ವಸ್ತು ಈ ಕಾರಿನಲ್ಲಿ ಬಹಳ ಹೆಸರುವಾಸಿ: ಡಿಎಂಇ ರಿಲೇ, ಅಂದರೆ ಎಂಜಿನ್ ಕಂಪ್ಯೂಟರ್ ವ್ಯವಸ್ಥೆಗೆ ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್. ಒಂದೇ ಡಬ್ಬಿಯೊಳಗೆ ಎರಡು ರಿಲೇಗಳಿವೆ. ಒಂದು ಕಂಪ್ಯೂಟರ್‌ಗೆ ಕರೆಂಟ್ ಕೊಡುತ್ತದೆ, ಇನ್ನೊಂದು ಪಂಪಿಗೆ. ಅದೇ ಕಾಲದ 911 ಕರೆರಾ 3.2ರಲ್ಲೂ ಇದೇ ಬಗೆಯ ರಿಲೇ ಇದೆ, ಅಲ್ಲೂ ಇದೇ ಗೋಳು. ವರ್ಷಗಳ ಬಿಸಿ ಮತ್ತು ಕಂಪನದಿಂದ ಒಳಗಿನ ಬೋರ್ಡಿನ ಬೆಸುಗೆ ಬಿರುಕು ಬಿಡುತ್ತದೆ. ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಗುಬುಟಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ರಿಲೇಯ ಪಿನ್ ಅಲುಗುವುದೂ ಉಂಟು. ಬಿಸಿಯಲ್ಲಿ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ.

ರಿಲೇ ಮತ್ತು ಪೆಟ್ರೋಲಿನ ಕೊರತೆ, ಇವೆರಡನ್ನು ಬೇರ್ಪಡಿಸಲು ಯಾವ ಉಪಕರಣವೂ ಬೇಡ, ಆರ್‌ಪಿಎಂ ಮೀಟರಿನ ಮುಳ್ಳು ಸಾಕು. ಎಂಜಿನ್ ಕೈಕೊಡುವ ಗಳಿಗೆಯಲ್ಲಿ ಕಾರು ಇನ್ನೂ ಗೇರಿನಲ್ಲಿ ಉರುಳುತ್ತಿರುತ್ತದೆ, ಕ್ಲಚ್ ಒತ್ತಿರದಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆಗ ಮುಳ್ಳು ಕಾರಿನ ವೇಗಕ್ಕೆ ತಕ್ಕಂತೆ ನಿಧಾನವಾಗಿ ಇಳಿಯುತ್ತಿದ್ದರೆ ಕಂಪ್ಯೂಟರ್ ಜೀವಂತವಾಗಿದೆ, ಕಿಡಿಯೂ ಇದೆ, ಬಾರದೇ ಇರುವುದು ಪೆಟ್ರೋಲ್. ಚಕ್ರ ತಿರುಗುತ್ತಿರುವಾಗಲೇ ಮುಳ್ಳು ದಡಕ್ಕನೆ ಸೊನ್ನೆಗೆ ಬಿದ್ದರೆ ಕಂಪ್ಯೂಟರ್‌ಗೆ ಕರೆಂಟ್ ಹೋಗಿದೆ ಅಥವಾ ಎಂಜಿನ್ ತಿರುಗುತ್ತಿರುವ ಸುದ್ದಿ ಅದಕ್ಕೆ ತಲುಪುತ್ತಿಲ್ಲ. ಮೊದಲನೆಯದಕ್ಕೆ ರಿಲೇ, ಎರಡನೆಯದಕ್ಕೆ ಬೆಲ್ ಹೌಸಿಂಗ್ (ಎಂಜಿನ್ನಿನ ಹಿಂದಿರುವ ಕ್ಲಚ್ಚಿನ ಕವಚ) ಮೇಲಿರುವ ಸ್ಪೀಡ್ ಮತ್ತು ರೆಫರೆನ್ಸ್ ಸೆನ್ಸರ್‌ಗಳನ್ನು ನೋಡಬೇಕು. ಅವುಗಳ ಕನೆಕ್ಟರ್ ಪ್ಲಾಸ್ಟಿಕ್ ಈ ವಯಸ್ಸಿಗೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಉಳಿದ ಮೀಟರುಗಳೂ ಜೊತೆಯಲ್ಲೇ ಸತ್ತರೆ ಇಗ್ನಿಷನ್ ಸ್ವಿಚ್ಚನ್ನು ಅನುಮಾನಿಸಿ. ನೀವು ಬರೆದಿರುವುದು ಮೊದಲು ಪಿಕಪ್ ಹೋಗಿ, ಜರ್ಕ್ ಹೊಡೆದು, ಆಮೇಲೆ ಆಫ್ ಆಗುವ ಕ್ರಮ. ಕರೆಂಟಿನ ತೊಂದರೆ ಸಾಮಾನ್ಯವಾಗಿ ಇಷ್ಟು ಮುನ್ಸೂಚನೆ ಕೊಡುವುದಿಲ್ಲ. ಹೀಗಾಗಿ ನನ್ನ ಒಲವು ಪೆಟ್ರೋಲಿನ ಕಡೆಗೇ. ಆದರೂ ಮುಂದಿನ ಸಲ ಪಕ್ಕದಲ್ಲಿ ಕೂತವರಿಗೆ ಮುಳ್ಳನ್ನು ನೋಡಲು ಹೇಳಿ; ನೀವು ರಸ್ತೆಯನ್ನು ನೋಡಿಕೊಳ್ಳಿ.

ರಿಲೇಯ ಬಗ್ಗೆ ಇನ್ನೊಂದು ಮಾತು. ಕೀಲಿ ತಿರುಗಿಸಿದಾಗ ಪಂಪಿನ ಸದ್ದು ಕೇಳಲಿಲ್ಲ, ಆದ್ದರಿಂದ ಪಂಪ್ ಸತ್ತಿದೆ ಎಂದು ತೀರ್ಮಾನಿಸುವುದು ಈ ಕಾರಿನಲ್ಲಿ ತಪ್ಪಾಗುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಂದ ಮೇಲೆಯೇ ಕಂಪ್ಯೂಟರ್ ಪಂಪಿನ ರಿಲೇಯನ್ನು ಎಳೆಯುತ್ತದೆ. ಸೆಲ್ಫ್ ಹೊಡೆಯದೆ ಪಂಪ್ ಮೌನವಾಗಿರುವುದೇ ಸರಿಯಾದ ವರ್ತನೆ. ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ನಿಲ್ಲಲಿ ಎಂದೇ ಹೀಗೆ ಮಾಡಿದ್ದಾರೆ. ರಿಲೇ ತೆಗೆದು ಅದರ ಸಾಕೆಟ್ಟಿನಲ್ಲಿ 30 ಮತ್ತು 87ಬಿ ಕಿಂಡಿಗಳನ್ನು ಫ್ಯೂಸ್ ಇರುವ ವೈರಿನಿಂದ ಕೂಡಿಸಿದರೆ ಪಂಪ್ ನೇರವಾಗಿ ಓಡುತ್ತದೆ. ಪರೀಕ್ಷೆಗೆ ಇದು ಒಳ್ಳೆಯ ಉಪಾಯ. ಇಂಥದೇ ವೈರ್ ಜೋಡಿಸಿಕೊಂಡು ಮನೆಯವರೆಗೆ ಓಡಿಸಿಬಿಡುವವರಿದ್ದಾರೆ. ಪೈಪ್ ಒಡೆದರೆ ಪಂಪ್ ಟ್ಯಾಂಕಿನಲ್ಲಿರುವುದನ್ನೆಲ್ಲ ರಸ್ತೆಗೋ ಬಿಸಿ ಎಂಜಿನ್ನಿನ ಮೇಲೋ ಸುರಿಯುತ್ತಲೇ ಇರುತ್ತದೆ. ಅದನ್ನು ಮಾಡಬೇಡಿ.

ಇ10 ಬಗ್ಗೆ ನೀವು ಕೇಳಿದ್ದೀರಿ. ಹತ್ತು ಶೇಕಡಾ ಎಥನಾಲ್ ಬೆರೆತ ಈ ಪೆಟ್ರೋಲ್ ಜರ್ಮನಿಯ ಬಂಕುಗಳಿಗೆ ಬಂದದ್ದು 2011ರಲ್ಲಿ. ಅದು ಹಾಕಿದ ಮಾತ್ರಕ್ಕೆ 944 ಆಟೊಬಾನಿನಲ್ಲಿ ನಿಲ್ಲುವುದಿಲ್ಲ. ಆದರೆ ಅದು ನಿರಪರಾಧಿಯೂ ಅಲ್ಲ. ಎಥನಾಲ್ ಒಳ್ಳೆಯ ದ್ರಾವಕ. ದಶಕಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಅಂಟುಗಸವನ್ನು ಅದು ಸಡಿಲಿಸುತ್ತದೆ, ಆ ಕಸ ನೇರವಾಗಿ ಜಾಲರಿಗೆ ಬರುತ್ತದೆ. ನೀರನ್ನು ಎಳೆದುಕೊಳ್ಳುವ ಗುಣವೂ ಅದಕ್ಕಿದೆ, ವಾರಗಟ್ಟಲೆ ನಿಲ್ಲುವ ಕಾರಿಗೆ ಇದು ಒಳ್ಳೆಯದಲ್ಲ. ಎಂಬತ್ತರ ದಶಕದ ರಬ್ಬರ್ ಹೋಸುಗಳನ್ನು ಇಷ್ಟು ಎಥನಾಲಿಗೆಂದು ಮಾಡಿದ್ದಲ್ಲ, ಹಾಗಾಗಿ ಅವು ಒಳಗಿನಿಂದ ಮೆತ್ತಗಾಗುವುದೂ ಪದರ ಬಿಡುವುದೂ ಉಂಟು. ನಿಮಗೆ ಅಲ್ಲಿ ಐದು ಶೇಕಡಾ ಮಿತಿಯ ಸೂಪರ್ ಅಥವಾ ಸೂಪರ್ ಪ್ಲಸ್ ಸಿಗುತ್ತದೆ, ಅದನ್ನೇ ಹಾಕಿ. ಆ ಆಯ್ಕೆ ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡ ನಮ್ಮವರಿಗೆ ಸುಲಭವಿಲ್ಲ, ಬಂಕಿಗೆ ಬರುತ್ತಿರುವುದೇ ಇ20. ಹೋಸ್ ಬದಲಾವಣೆಯ ಬಗ್ಗೆ ಮುಂದೆ ಹೇಳುವುದು ಅವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಸುಲಭದ ಮೂರು ಮದ್ದುಗಳನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಇಂಜೆಕ್ಟರಿನ ತುದಿಯ ಮಸಿಗೆ ಸ್ವಲ್ಪ ಉಪಯೋಗವಾದೀತು; ಜಾಲರಿಯಲ್ಲಿ ಸಿಕ್ಕಿದ ರಬ್ಬರ್ ಚೂರನ್ನು ಅದು ಕರಗಿಸುವುದಿಲ್ಲ. ಇನ್ನೂ ದೊಡ್ಡ ಪಂಪ್ ಹಾಕಿಸಿ ಎನ್ನುವುದು ಎರಡನೆಯದು, ಮತ್ತು ಇದು ರೋಗವನ್ನು ಹೆಚ್ಚಿಸುವ ಮದ್ದು: ದೊಡ್ಡ ಪಂಪ್ ಜೋರಾಗಿ ಎಳೆದಷ್ಟೂ ಗುಳ್ಳೆ ಹೆಚ್ಚು, ಹೆಚ್ಚು ಸುತ್ತಿಸಿದಷ್ಟೂ ಪೆಟ್ರೋಲ್ ಹೆಚ್ಚು ಬಿಸಿ. ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಸಣ್ಣ ಫಿಲ್ಟರ್ ಸೇರಿಸುವುದು ಮೂರನೆಯದು. ಪಂಪಿಗೆ ರಕ್ಷಣೆ ಸಿಗುತ್ತದೆ ಎಂಬ ಉದ್ದೇಶ ಒಳ್ಳೆಯದೇ, ಆದರೆ ಹೀರುವ ದಾರಿಯಲ್ಲಿ ಇನ್ನೊಂದು ಅಡ್ಡಿಯನ್ನು ನಾವೇ ಕೂರಿಸಿದಂತಾಗುತ್ತದೆ. ಕಾರ್ಬ್ಯುರೇಟರ್ ಕಾರಿನ ಪೇಪರ್ ಫಿಲ್ಟರನ್ನು ಆ ಜಾಗದಲ್ಲಿ ಎಂದೂ ಹಾಕಿಸಬೇಡಿ.

ಈಗ ಅಳೆಯುವ ಕೆಲಸ. ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಮುಂದಿನ ಸಲ ಕಾರು ನಿಂತಾಗ, ಸುರಕ್ಷಿತ ಜಾಗದಲ್ಲಿದ್ದರೆ, ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ ತೆಗೆಯಿರಿ. ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡು, ಕಾಲು ಗಂಟೆ ಕಾಯದೆ ಕಾರು ಕೂಡಲೇ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿದಾರಿ ಮುಚ್ಚಿದೆ. ಪೆಟ್ರೋಲ್ ಖಾಲಿಯಾದಂತೆ ಒಳಗೆ ನಿರ್ವಾತ ಉಂಟಾಗಿ ಪಂಪಿಗೆ ಎಳೆಯಲಾಗುತ್ತಿಲ್ಲ. ಬಿಸಿಲಲ್ಲಿ ಗಾಳಿ ಹೊರಕ್ಕೆ ಬುಸ್ಸೆನ್ನುವುದು ಬೇರೆ ವಿಷಯ, ಅದಕ್ಕೆ ಹೆದರಬೇಡಿ.

ಎರಡನೆಯದು ಪಂಪಿನ ಟರ್ಮಿನಲ್‌ಗಳಲ್ಲೇ, ಪಂಪ್ ಓಡುತ್ತಿರುವಾಗ, ವೋಲ್ಟೇಜ್ ಅಳೆಯುವುದು. ಬ್ಯಾಟರಿಯಲ್ಲಿ ಇರುವುದಕ್ಕೂ ಇಲ್ಲಿಗೂ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಾನು ವೈರಿಂಗನ್ನು, ವಿಶೇಷವಾಗಿ ಅರ್ಥ್ ಕೂಡಿರುವ ಜಾಗವನ್ನು, ಮೊದಲು ಸರಿಪಡಿಸುತ್ತೇನೆ. ಪಂಪ್ ಕೂರುವ ಜಾಗಕ್ಕೆ ಮಳೆನೀರೂ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪೂ ಸಿಡಿಯುತ್ತವೆ. ಹಸಿರು ಹಿಡಿದ ಟರ್ಮಿನಲ್ಲಿಗೆ ಹೊಸ ಪಂಪ್ ಕೂಡಿಸಿ ಬಿಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದು ಒತ್ತಡ. ಫ್ಯೂಯಲ್ ರೇಲಿನ ತುದಿಯಲ್ಲಿ ಗೇಜ್ ಕೂಡಿಸಲೆಂದೇ ಒಂದು ಬಾಯಿ ಇದೆ, ಅದರ ಮೇಲೆ ಟೋಪಿಯಂಥ ನಟ್. ಅದನ್ನು ಬಿಚ್ಚುವಾಗ ಕೆಳಗೆ ಬಟ್ಟೆ ಹಿಡಿಯಿರಿ, ಪೆಟ್ರೋಲ್ ಚಿಮ್ಮುತ್ತದೆ ಎನ್ನುವುದಕ್ಕೆ ಮಾತ್ರವಲ್ಲ: ನಟ್ಟಿನೊಳಗೆ ಸೀಲ್ ಮಾಡುವ ಸಣ್ಣ ಉಕ್ಕಿನ ಗುಂಡು ಇರುತ್ತದೆ. ಅದು ಉರುಳಿ ಎಂಜಿನ್ನಿನ ಸಂದಿಗೆ ಬಿದ್ದರೆ ಆ ಸಂಜೆ ಕಾರು ಹೊರಡುವುದಿಲ್ಲ. ಎಂಜಿನ್ ಓಡದೆ ಪಂಪನ್ನು ಮಾತ್ರ ಓಡಿಸಿದಾಗ ನಿಮ್ಮ ಮಾದರಿಯಲ್ಲಿ 2.5 ಬಾರ್ ಆಸುಪಾಸು ತೋರಿಸಬೇಕು. ಐಡಲಿನಲ್ಲಿ, ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕೂಡಿದ್ದಾಗ, ಸುಮಾರು 2 ಬಾರ್. ಆ ಹೋಸನ್ನು ಎಳೆದು ಮೂಸಿ ನೋಡಿ; ಒಳಗೆ ಪೆಟ್ರೋಲ್ ಒಸರಿದ್ದರೆ ರೆಗ್ಯುಲೇಟರಿನ ಡಯಾಫ್ರಾಮ್ ಹರಿದಿದೆ. ರೇಲಿನ ಮೇಲೆ ಅದೇ ರೂಪದ, ಒತ್ತಡದ ಏರಿಳಿತ ತಗ್ಗಿಸುವ ಡ್ಯಾಂಪರ್ ಕೂಡ ಇದೆ, ಅದರ ಹೋಸನ್ನೂ ನೋಡಿ.

ತಣ್ಣಗಿರುವಾಗ ಒತ್ತಡ ಸರಿಯಿದ್ದರೆ ನಿಮ್ಮ ಕಾರಿನ ಮಟ್ಟಿಗೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಸಾಬೀತು ಮಾಡುವುದು ಹರಿವಿನ ಪರೀಕ್ಷೆ, ಅದೂ ಬಿಸಿಯಾದಾಗ. ಹಿಂದಿರುಗುವ ಹೋಸನ್ನು ಬಿಡಿಸಿ ಅಳತೆಯ ಡಬ್ಬಿಗೆ ಹಿಡಿದು, ಪಂಪನ್ನು ಸರಿಯಾಗಿ 30 ಸೆಕೆಂಡ್ ಓಡಿಸಬೇಕು. ಸುಮಾರು 850 ಮಿಲಿಲೀಟರ್ ಬಂದರೆ ಪಾಸು. ಇದನ್ನು ತಣ್ಣಗಿರುವಾಗ ಒಮ್ಮೆ ಮಾಡಿ ಬರೆದಿಟ್ಟುಕೊಳ್ಳಲಿ. ಆಮೇಲೆ ಹೋಸ್ ಮರಳಿ ಕೂಡಿಸಿ, ಟ್ಯಾಂಕಿನಲ್ಲಿ ಕಾಲು ಭಾಗ ಮಾತ್ರ ಇಟ್ಟು, ವರ್ಕ್‌ಶಾಪಿನ ಹೊರಗೆ ಎಂಜಿನ್ನನ್ನು ಮುಕ್ಕಾಲು ಗಂಟೆ ಓಡಿಸಿ ಪೆಟ್ರೋಲ್ ಬಿಸಿಯಾಗಲು ಬಿಡಲಿ. ಜಾಲರಿ ಕಟ್ಟಿದ್ದರೆ ಕಸ ಬಂದು ಅಂಟಿಕೊಳ್ಳಲು ಇಷ್ಟು ಹೊತ್ತು ಸಾಕು. ಮತ್ತೆ ಅಳೆದಾಗ ಪ್ರಮಾಣ ಗಣನೀಯವಾಗಿ ಬಿದ್ದಿದ್ದರೆ, ಪಂಪಿನ ಕೂಗು ಏರಿದ್ದರೆ, ಡಬ್ಬಿಗೆ ಬೀಳುವ ಧಾರೆ ನೊರೆನೊರೆಯಾಗಿದ್ದರೆ, ತೀರ್ಪು ಸಿಕ್ಕಂತೆ. ಜೊತೆಗೆ ಒಂದು ಕ್ಲಾಂಪ್ ಮೀಟರಿನಿಂದ ಪಂಪ್ ಎಳೆಯುವ ಆಂಪಿಯರ್ ನೋಡಿದರೆ ಇನ್ನೂ ಗಟ್ಟಿ: ಹೀರುವ ಕಡೆ ಅಡ್ಡಿಯಿದ್ದರೆ ಪಂಪಿಗೆ ತಳ್ಳಲು ಏನೂ ಸಿಗದೆ ಕರೆಂಟ್ ಇಳಿಯುತ್ತದೆ, ಮುಂದಿನ ಕಡೆ ಫಿಲ್ಟರೋ ಪೈಪೋ ಮುಚ್ಚಿದ್ದರೆ ಏರುತ್ತದೆ. ಗೇಜನ್ನು ಉದ್ದನೆ ಹೋಸಿನಲ್ಲಿ ತಂದು ಗಾಜಿನ ಮೇಲೆ ಅಂಟಿಸಿಕೊಂಡು ಆಟೊಬಾನಿಗೆ ಹೋಗುವ ಸಾಹಸವನ್ನು ಕೆಲವರು ಮಾಡುತ್ತಾರೆ. ಒತ್ತಡದ ಪೆಟ್ರೋಲ್ ತುಂಬಿದ ಹೋಸ್ ಕಣ್ಣ ಮುಂದೆ ಅಲ್ಲಾಡುತ್ತಿರುವ ಕಾರಿನಲ್ಲಿ ನಾನಂತೂ ಕೂರುವುದಿಲ್ಲ. ಅಷ್ಟು ಬೇಕೆಂದರೆ ಎಲೆಕ್ಟ್ರಿಕ್ ಪ್ರೆಶರ್ ಸೆನ್ಸರ್ ಹಾಕಿ ವೈರನ್ನು ಮಾತ್ರ ಒಳಗೆ ತರಬಹುದು.

ಎರಡನೆಯ ದೂರಿಗೆ, ಅಂದರೆ ತಡವಾಗಿ ಸ್ಟಾರ್ಟ್ ಆಗುವುದಕ್ಕೆ, ಉತ್ತರ ಚಿಕ್ಕದು. ಎಂಜಿನ್ ನಿಂತ ಮೇಲೂ ರೇಲಿನಲ್ಲಿ ಒತ್ತಡ ಸ್ವಲ್ಪ ಕಾಲ ಉಳಿಯಬೇಕು. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಪಂಪಿನ ಬಾಯಲ್ಲಿರುವ ಚೆಕ್ ವಾಲ್ವ್ ಅದನ್ನು ಹಿಡಿದಿಡುತ್ತದೆ. ಎರಡು ಮೂರು ವಾರ ನಿಂತರೆ ಒಳ್ಳೆಯ ಕಾರಿನಲ್ಲೂ ಒತ್ತಡ ಇಳಿದಿರುತ್ತದೆ, ಆದ್ದರಿಂದ ಐದಾರು ಸೆಕೆಂಡ್ ಸೆಲ್ಫ್ ಹೊಡೆಯುವುದನ್ನು ನಾನು ರೋಗವೆಂದೇ ಕರೆಯಲಾರೆ. ಎಂಜಿನ್ ಆಫ್ ಮಾಡಿದ ಕೂಡಲೇ ಗೇಜ್ ಸೊನ್ನೆಗೆ ಜಾರಿದರೆ ಮಾತ್ರ ಚೆಕ್ ವಾಲ್ವ್, ರೆಗ್ಯುಲೇಟರ್, ಸೋರುವ ಇಂಜೆಕ್ಟರ್, ಈ ಕ್ರಮದಲ್ಲಿ ಅನುಮಾನಿಸಿ. ಹೋಸನ್ನು ಇಕ್ಕಳದಲ್ಲಿ ಹಿಸುಕಿ ಯಾವ ಕಡೆ ಸೋರುತ್ತಿದೆ ಎಂದು ನೋಡುವ ಹಳೆಯ ವಿಧಾನವನ್ನು ಈ ಕಾರಿನ ಮೂಲ ಹೋಸುಗಳ ಮೇಲೆ ಮಾಡಿಸಬೇಡಿ, ಅಲ್ಲೇ ಬಿರುಕು ಬಿಡುತ್ತವೆ. ಎಂಜಿನ್ ಆಯಿಲಿನ ಕಡ್ಡಿ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಇಂಜೆಕ್ಟರ್ ಸೋರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಅಳತೆಯಲ್ಲಿ ಜಾಲರಿಯೇ ಸಿಕ್ಕಿಬಿದ್ದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಟ್ಯಾಂಕನ್ನು ಕಾರಿನಲ್ಲೇ ಬಿಟ್ಟು, ಪೆಟ್ರೋಲ್ ಪೂರ್ತಿ ಇಳಿಸಿ, ತಳದ ಬಾಯಿಯಿಂದ ಜಾಲರಿಯನ್ನು ಬಿಚ್ಚಿ ಬದಲಾಯಿಸುವುದು ಕಡಿಮೆ ಖರ್ಚಿನದು. ಹೊಸದು ಸಿಗುತ್ತಿರುವಾಗ ಹಳೆಯದನ್ನೇ ತೊಳೆದು ಹಾಕಿಸುವುದರಲ್ಲಿ ಉಳಿತಾಯವಿಲ್ಲ. ಅಪಾಯ ಇರುವುದು ಬಿಚ್ಚುವಾಗ: 1985ರ ಮಧ್ಯದ ನಂತರದ 944ಗಳಲ್ಲಿ ಟ್ಯಾಂಕ್ ಪ್ಲಾಸ್ಟಿಕ್ಕಿನದು, ದಶಕಗಳಿಂದ ಕಚ್ಚಿಕೊಂಡ ನಟ್ಟನ್ನು ಉದ್ದನೆ ಪಾನದಿಂದ ಬಲ ಹಾಕಿ ತಿರುಗಿಸಿದರೆ ಬಾಯಿಯೇ ಸೀಳಬಹುದು. ಹೀಗೆ ಮಾಡಿದರೆ ತಳದ ಕಸವೆಲ್ಲ ಬರುವುದೂ ಇಲ್ಲ. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕಾದೀತು. ಟ್ಯಾಂಕನ್ನೇ ಇಳಿಸಿ ತೊಳೆಯುವುದು ಎರಡನೆಯ ದಾರಿ. ಕೆಲಸ ಪಕ್ಕಾ ಆಗುತ್ತದೆ, ಆದರೆ ಈ ಕಾರಿನ ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ಅದು ದಾರಿಗೆ ಅಡ್ಡ ಬರುತ್ತದೆ, ಕೂಲಿ ಗಂಟೆಗಳು ಬೆಳೆಯುತ್ತವೆ. ಇಳಿಸಿದ ಪೆಟ್ರೋಲನ್ನು ಗಾಜಿನ ಜಾಡಿಯಲ್ಲಿ ಒಂದು ರಾತ್ರಿ ಬಿಟ್ಟು ನೋಡಿ ನಾನು ನಿರ್ಧರಿಸುತ್ತೇನೆ: ತಳದಲ್ಲಿ ಸ್ವಲ್ಪ ಮರಳಿನಂಥ ಪುಡಿ ಕಂಡರೆ ಮೊದಲ ದಾರಿ ಸಾಕು; ಕಪ್ಪು ರಬ್ಬರ್ ಚೂರು, ಕಂದು ಅಂಟು, ನೀರಿನ ಪದರ ಕಂಡರೆ ಟ್ಯಾಂಕ್ ಇಳಿಯಲೇಬೇಕು.

ಯಾವ ದಾರಿ ಹಿಡಿದರೂ ಟ್ಯಾಂಕಿನಿಂದ ಪಂಪಿಗೆ ಬರುವ ಹೀರುವ ಹೋಸನ್ನು ಬದಲಾಯಿಸಿ. ಒಳಪದರ ಬಿಟ್ಟ ಹೋಸ್ ಹೊರಗಿನಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತದೆ, ಎಳೆತ ಬಿದ್ದಾಗ ಮಾತ್ರ ಒಳಗೇ ಮುಚ್ಚಿಕೊಳ್ಳುತ್ತದೆ. ಲಕ್ಷಣ ನಿಮ್ಮ ಕಾರಿನದರ ಹಾಗೆಯೇ ಇರುತ್ತದೆ. ಇದಕ್ಕಿಂತ ಮುಖ್ಯವಾದುದು ಎಂಜಿನ್ ಕೋಣೆಯ ಒತ್ತಡದ ಹೋಸುಗಳು. ಲೋಹದ ಪೈಪಿಗೆ ರಬ್ಬರನ್ನು ಒತ್ತಿ ಕೂಡಿಸಿದ ಜಾಗದಲ್ಲಿ ಅವು ಬಿರುಕು ಬಿಟ್ಟು ಸೋರಿ 944ಗಳು ಸುಟ್ಟುಹೋದ ಉದಾಹರಣೆಗಳಿವೆ. ಅವು ಕಾರಿನ ಜೊತೆ ಬಂದವೇ ಆಗಿದ್ದರೆ ಪಂಪ್, ಇಂಜೆಕ್ಟರ್, ಕಂಪ್ಯೂಟರ್ ಎಲ್ಲಕ್ಕಿಂತ ಮೊದಲು ದುಡ್ಡು ಹಾಕಬೇಕಾದ ಜಾಗ ಅದು. ಎಥನಾಲ್ ತಾಳುವ ಇಂಜೆಕ್ಷನ್ ಒತ್ತಡದ ಹೋಸನ್ನೇ ಕೇಳಿ ಹಾಕಿಸಿ, ಮೀಟರ್ ಲೆಕ್ಕದಲ್ಲಿ ಸಿಗುವ ಕಾರ್ಬ್ಯುರೇಟರ್ ಹೋಸನ್ನಲ್ಲ. ಸೋರುವ ಪೆಟ್ರೋಲ್ ಪೈಪನ್ನು ಅಲ್ಲಿನ ತಾಂತ್ರಿಕ ತಪಾಸಣೆಯವರೂ ಪಾಸು ಮಾಡುವುದಿಲ್ಲ. ಮೂವತ್ತು ವರ್ಷ ದಾಟಿದ ಕಾರಿಗೆ ಸಿಗುವ ಎಚ್ ನಂಬರ್ ಪ್ಲೇಟಿಗೆ ಹೊಸ ಹೋಸಿನಿಂದ ಕುತ್ತು ಬರುತ್ತದೆ ಎಂದು ಹಳೆಯದನ್ನೇ ಉಳಿಸಿಕೊಳ್ಳುವವರಿದ್ದಾರೆ; ಸವೆಯುವ ಭಾಗವನ್ನು ಅದೇ ಮಾದರಿಯದರಿಂದ ಬದಲಾಯಿಸಿದರೆ ಕಾರಿನ ಮೂಲರೂಪ ಕೆಡುವುದಿಲ್ಲ.

ಈ ಕೆಲಸಗಳನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ನೀವೇ ಮಾಡಲು ಹೋಗಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡಿ ದೂರದ ಯಾವುದೋ ಸ್ವಿಚ್ಚನ್ನು ಹುಡುಕಿಕೊಂಡು ಹೋಗುತ್ತದೆ. ಮೇಲೆ ಹೇಳಿದ್ದರಲ್ಲಿ ಮುಚ್ಚಳದ ಪರೀಕ್ಷೆ, ಮುಳ್ಳಿನ ಪರೀಕ್ಷೆ, ರಿಲೇಯ ಬೆಸುಗೆ ನೋಡುವುದು ನಿಮ್ಮ ಪಾಲಿಗೆ. ಉಳಿದದ್ದು ತೆರೆದ ಜಾಗ ಮತ್ತು ಅಗ್ನಿಶಾಮಕ ಇರುವ ವರ್ಕ್‌ಶಾಪಿನ ಪಾಲಿಗೆ.

ಗ್ಯಾರೇಜಿನವರ ಹತ್ತಿರ ಹೋದಾಗ ಪಾರ್ಟ್ ಬದಲಾಯಿಸಿ ಎನ್ನುವ ಬದಲು ಬಿಸಿಯಲ್ಲಿ ಮತ್ತು ತಣ್ಣಗಿರುವಾಗ 30 ಸೆಕೆಂಡಿನ ಹರಿವು, ಒತ್ತಡ, ಪಂಪಿನ ಬಳಿಯ ವೋಲ್ಟೇಜ್, ಈ ಅಂಕಿಗಳನ್ನು ಬರೆದು ಕೊಡಿ ಎಂದು ಕೇಳಿ. ಆ ಅಂಕಿಗಳನ್ನು ಕೊಡಲು ಒಪ್ಪದವರು ಇಂಜೆಕ್ಟರ್ ಬದಲಾಯಿಸಲು ಸಲಹೆ ಕೊಟ್ಟರೆ ಬೇರೆ ಕಡೆ ನೋಡುವುದು ಒಳ್ಳೆಯದು. ಅಲ್ಲಿಯವರೆಗೆ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಒಂದು ಹೊಸ ಡಿಎಂಇ ರಿಲೇಯನ್ನು ಡ್ಯಾಷ್‌ಬೋರ್ಡಿನ ಖಾನೆಯಲ್ಲಿಟ್ಟುಕೊಳ್ಳಿ, ಆಟೊಬಾನನ್ನು ಆದಷ್ಟು ತಪ್ಪಿಸಿ. ಕಾರು ಹತ್ತುವಾಗ ಪೆಟ್ರೋಲ್ ವಾಸನೆ ಬಂದರೆ ಮಾತ್ರ ಕೀಲಿ ತಿರುಗಿಸಬೇಡಿ. ಬಾನೆಟ್ ತೆರೆದು ನೋಡಿ, ಹಸಿ ಕಂಡರೆ ಟೋ ಮಾಡಿಸಿಯೇ ಕಳಿಸಿ.